ನಲವತ್ತೆಂಟು ಕೆ.ಜಿ. ಹುಣಸೆಹಣ್ಣು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದೆ. ಗೋಡೆಗೆ ನಕ್ಷೆ ತೂಗುಹಾಕಿ ಕೋಲಿನ ತುದಿಯಿಂದ ನದಿಗಳನ್ನೂ ಬೆಟ್ಟಗಳನ್ನೂ ತೋರಿಸಿದೆ. ನಮ್ಮೂರೆಲ್ಲಿದೆ ತೋರಿಸಿ ಟೀಚರ್ ಎಂದು ಮಕ್ಕಳು ಕೇಳಿದಾಗ ಮಾತ್ರ ಕೋಲು ಕೆಳಗಿಳಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ನಮ್ಮೂರು ಯಾವ ನಕ್ಷೆಯಲ್ಲೂ ಇರಲಿಲ್ಲ, ಈಗಲೂ ಇಲ್ಲ. ಅದಕ್ಕಾಗಿ ನಾನು ಸಿಟ್ಟು ಮಾಡಿಕೊಂಡವಳಲ್ಲ. ಸಿಟ್ಟು ಬಂದದ್ದು ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಒಂದು ಬಸ್ ಟಿಕೆಟಿನ ವಿಷಯಕ್ಕೆ. ಬಂದದ್ದು ಇನ್ನೂ ಹೋಗಿಲ್ಲ.

ನಮ್ಮೂರಿನಿಂದ ಹೊರಗೆ ಹೋಗುವವರು ತಾವಾಗಿ ಟಿಕೆಟ್ ತೆಗೆಯುವಂತಿಲ್ಲ. ಫೋನಿನೊಳಗಿರುವ ಏಜೆಂಟು ತೆಗೆಯಬೇಕು. ಸರ್ಕಾರದವರು ಅದಕ್ಕೊಂದು ಉದ್ದನೆಯ ಹೆಸರು ಇಟ್ಟಿದ್ದಾರೆ, ನಾವು ಕೈಯಾಳು ಎನ್ನುತ್ತೇವೆ. ಮನುಷ್ಯನಲ್ಲದಿದ್ದರೂ ಮನುಷ್ಯರಿಗಿಂತ ಮರ್ಯಾದೆಯಾಗಿ ಮಾತಾಡುತ್ತದೆ. ಪೇಟೆಬೀದಿಯ ಒಪ್ಪಿಗೆ ಕಚೇರಿಗೆ ಹೋಗಿ, ಅಲ್ಲಿನ ಗಾಜಿನ ಮೇಲೆ ಹೆಬ್ಬೆರಳು ಒತ್ತಿ, ಯಾರಿಗಾಗಿ, ಹೇಗೆ, ಯಾವತ್ತಿನವರೆಗೆ ಎಂದು ಮೂರು ಮಾತು ಹೇಳಬೇಕು. ಹೇಳಿದ ಕೂಡಲೆ ಬೆರಳಿನ ಗೆರೆಗಳಷ್ಟೂ ಕಳಚಿಕೊಂಡು ಕೈಯಾಳಿನ ವಶಕ್ಕೆ ಹೋಗುತ್ತವೆ. ಆ ಗೆರೆ ತೋರಿಸಿ ಅದು ನಮ್ಮ ಪರವಾಗಿ ಸೀಟು ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಗೆರೆ ತಾನಾಗಿ ಮರಳುತ್ತದೆ, ಸೀಳಿದ ಬೆರಳಿಗೆ ನಿಂಬೆರಸ ಸೋಕಿದ ಹಾಗೆ ಒಂದು ಕ್ಷಣ ಚುರುಗುಟ್ಟುತ್ತದೆ ಅಷ್ಟೆ. ಅಲ್ಲಿಯವರೆಗೆ ಹೆಬ್ಬೆರಳು ಕೋಳಿಮೊಟ್ಟೆಯ ಹಾಗೆ ನುಣುಪು.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ನುಣುಪು ಬೆರಳಿನಲ್ಲಿ ಲೋಟ ಜಾರುತ್ತದೆಂದು ಹೋಟೆಲಿನ ಶಾಂಭಟ್ಟರು ಅಂಥವರಿಗೆ ಹಿಡಿಯಿರುವ ಕಪ್ಪಿನಲ್ಲಿ ಕಾಫಿ ಕೊಡುತ್ತಾರೆ. ದಿನಸಿ ಅಂಗಡಿಯವರು ಪೊಟ್ಟಣಕ್ಕೆ ದಾರದ ಕುಣಿಕೆ ಹಾಕಿ ಮಣಿಕಟ್ಟಿಗೆ ಸಿಕ್ಕಿಸುತ್ತಾರೆ. ಲೈಬ್ರರಿಯಲ್ಲಿ ಪಕ್ಕದಲ್ಲಿ ಕೂತವರು ಕೇಳುವ ಮೊದಲೇ ನಮ್ಮ ಪುಸ್ತಕದ ಹಾಳೆ ತಿರುವಿ ಕೊಡುತ್ತಾರೆ. ಜೈಲಿಗೆ ಹೋದವರ ಗೆರೆಯನ್ನು ಮೊದಲ ದಿನವೇ ಇಳಿಸಿಕೊಂಡು, ಬಿಡುಗಡೆಯ ದಿನ ಗೇಟಿನಲ್ಲಿ ಮರಳಿಸುತ್ತಾರೆ. ಇದನ್ನೆಲ್ಲ ನೋಡಿ ನಾನು, ಪರವಾಗಿಲ್ಲ, ನಮ್ಮದು ಒಳ್ಳೆಯವರ ಊರು ಎಂದುಕೊಂಡಿದ್ದೆ. ಒಳ್ಳೆಯವರ ಊರೇ. ಆದರೂ ಹೀಗಾಯಿತು.

ಕೆಂಚಮ್ಮ ನಮ್ಮ ಹಿಂದಿನ ಮನೆಯವಳು. ಐವತ್ತರ ಆಸುಪಾಸು. ಹುಣಸೆ ಮಂಡಿಯಲ್ಲಿ ಕೆಲಸ. ಹುಣಸೆಹಣ್ಣೇ ನಮ್ಮೂರಿನ ವ್ಯಾಪಾರ. ಮಂಡಿಯಲ್ಲಿ ನೂರಕ್ಕೂ ಹೆಚ್ಚು ಹೆಂಗಸರು ಸಾಲಾಗಿ ಕೂತು ಓಡು ಬಡಿದು, ನಾರು ಎಳೆದು, ಬೀಜ ಬಿಡಿಸುತ್ತಾರೆ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಬೆರಳುಗಳು ಹುಳಿಯಲ್ಲೇ ಇರುತ್ತವೆ. ವರ್ಷಗಟ್ಟಲೆ ಹೀಗೆ ಕೂತ ಮೇಲೆ ಆ ಬೆರಳುಗಳಲ್ಲಿ ಗೆರೆ ಎಲ್ಲಿ ಉಳಿದೀತು. ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಅವಳು ಪ್ರತಿ ಯುಗಾದಿಗೂ ಒಂದು ಡಬ್ಬಿ ಹೊಸ ಹುಣಸೆಹಣ್ಣು ತಂದು ಕೊಡುತ್ತಿದ್ದಳು, ಒಂದು ಬೀಜವೂ ಇರುತ್ತಿರಲಿಲ್ಲ. ನಾನು ಡಬ್ಬಿ ನೋಡಿದೆ, ಕೈ ನೋಡಲಿಲ್ಲ.

ಮಾಘ ಮಾಸದ ಒಂದು ಶುಕ್ರವಾರ ಅವಳು ಒಂದು ಕಾಗದ ಹಿಡಿದು ಬಂದಳು. ಜೈಲಿನಲ್ಲಿದ್ದ ಅವಳ ತಮ್ಮ ಓಬಳೇಶ ಬರೆದದ್ದು. ಒಂಬತ್ತು ವರ್ಷದ ಹಿಂದೆ ಮಂಡಿಯ ಜಗಳದಲ್ಲಿ ಅವನು ಎತ್ತಿದ ಕೈಯಿಂದ ಒಬ್ಬ ಸತ್ತ. ತಪ್ಪು ಒಪ್ಪಿಕೊಂಡು ಒಳಗೆ ಹೋದ. ಕಾಗದವನ್ನು ನಾನೇ ಓದಿ ಹೇಳಿದೆ. ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಬಿಡುಗಡೆ. ಗೇಟಿನ ಮುಂದೆ ಕಲ್ಲುಕ್ವಾರಿಯ ಲಾರಿ ನಿಂತಿರುತ್ತದೆ, ಕರೆದೊಯ್ಯಲು ಯಾರೂ ಬರದವರನ್ನು ಹತ್ತಿಸಿಕೊಂಡು ಹೋಗುತ್ತದೆ. "ಅಕ್ಕಾ, ಬಾ ಎಂದು ಕೇಳುವ ಮುಖ ನನಗಿಲ್ಲ. ನೀನು ಬಂದು ನಿಂತಿದ್ದರೆ ಊರಿಗೆ ಬರುತ್ತೇನೆ. ಇಲ್ಲದಿದ್ದರೆ ನನ್ನ ಮುಖ ನೋಡಲು ನಿನಗೂ ಇಷ್ಟವಿಲ್ಲ ಎಂದು ತಿಳಿದು ಲಾರಿ ಹತ್ತುತ್ತೇನೆ. ಆಮೇಲೆ ಹುಡುಕಬೇಡ." ಅಷ್ಟೇ ಇತ್ತು.

"ಆ ಲಾರಿ ಹತ್ತಿದೋರು ತಿರುಗಿ ಬಂದಿದ್ದು ನಾನು ಕಂಡಿಲ್ಲ ಟೀಚರಮ್ಮ," ಎಂದಳು ಕೆಂಚಮ್ಮ. "ಒಂಬತ್ತು ವರ್ಷದಲ್ಲಿ ಒಂದ್ಸಲಾನೂ ನೋಡಕ್ಕೆ ಹೋಗ್ಲಿಲ್ಲ ನಾನು. ಕಚೇರಿಗೆ ಹೋದಾಗೆಲ್ಲ ನಿನ್ನ ಗೆರೆ ಆಚೆ ಹೋಗೈತೆ, ಬಂದ್ಮೇಲೆ ಬಾ ಅಂತಾರೆ. ನಾನೇ ಊರು ಬಿಟ್ಟು ಆಚೆ ಹೋಗಿಲ್ಲ. ನನ್ನ ಬಿಟ್ಟು ಅದೊಂದೇ ಹೆಂಗೆ ಹೋಯ್ತು?"

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಕಚೇರಿಯಲ್ಲಿ ಕೂತಿದ್ದವನು ವಾಮನಮೂರ್ತಿ, ನನ್ನ ಹಳೆಯ ವಿದ್ಯಾರ್ಥಿ. ಒಂಬತ್ತನೇ ಕ್ಲಾಸಿನಲ್ಲಿ ಮುಂಗಾರಿನ ಬಾಣಗಳನ್ನು ತಿರುಗಾಮುರುಗಾ ಬರೆದವನು. ನನ್ನನ್ನು ಕಂಡು ಎದ್ದು ನಿಂತ. ಕೆಂಚಮ್ಮನಿಗೂ ಕುರ್ಚಿ ಎಳೆದ, ತನ್ನ ಬಾಟಲಿಯ ನೀರು ಕೊಟ್ಟ. ಅವಳ ಹೆಬ್ಬೆರಳನ್ನು ತಾನೇ ಮೆಲ್ಲಗೆ ಹಿಡಿದು ಗಾಜಿನ ಮೇಲೆ ಇಟ್ಟ. ಆಮೇಲೆ ಪರದೆ ನೋಡಿ ಮುಖ ಸಣ್ಣದು ಮಾಡಿಕೊಂಡ.

"ಗೆರೆ ಹೊರಗಿದೆ ಅಂತ ಬರ್ತಿದೆ ಮೇಡಂ. ವಾಪಸ್ ಬರೋವರೆಗೂ ಕಾಯಬೇಕು."

"ಹೊರಗೆ ಅಂದ್ರೆ ಎಲ್ಲಿ?"

"ಅದು ಅವರ ಕೈಯಾಳಿಗೆ ಗೊತ್ತಿರುತ್ತೆ."

"ಗೆರೆ ಕೊಟ್ಟರೆ ತಾನೇ ಕೈಯಾಳು ಸಿಗೋದು. ಅವಳಿಗೆ ಇಲ್ಲವಲ್ಲೋ."

"ಹೌದು ಮೇಡಂ."

"ಮತ್ತೆ ಅವಳ ಗೆರೆ ತಗೊಂಡು ಹೋದೋರು ಯಾರು?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ಅದನ್ನ ಕೇಳೋಕೆ ಫಾರಂ ಇಲ್ಲ ಮೇಡಂ."

"ಅವಳ ಕೈ ನೋಡೋ ವಾಮನ. ಹುಳಿ ತಿಂದಿದೆ. ಗೆರೆ ಎಲ್ಲಿಗೂ ಹೋಗಿಲ್ಲ, ಸವೆದು ಹೋಗಿದೆ. ನಿನ್ನ ಕಣ್ಣಿಗೆ ಕಾಣ್ತಿಲ್ಲವೇ?"

"ಕಾಣ್ತಿದೆ ಮೇಡಂ. ಆದ್ರೆ ಕಣ್ಣಿಗೆ ಕಂಡಿದ್ದನ್ನ ಬರೆಯೋ ಜಾಗ ಇಲ್ಲಿ ಇಲ್ಲ. ಒಳಗಿದೆ, ಹೊರಗಿದೆ, ಎರಡೇ ಇರೋದು. ಮಂಡಿಯ ನೂರಾ ಹನ್ನೆರಡು ಜನರದ್ದೂ ಹೊರಗಿದೆ ಅಂತಾನೇ ಇದೆ."

ಅವನು ಒರಟಾಗಿ ಮಾತಾಡಿದ್ದರೆ ಎಷ್ಟೋ ವಾಸಿಯಿತ್ತು. ಕುರ್ಚಿ ಕೊಟ್ಟು, ನೀರು ಕೊಟ್ಟು, ಎದುರಿಗಿರುವ ಹೆಂಗಸಿಗೆ ನೀನು ಎಲ್ಲೋ ಹೊರಗಿದ್ದೀಯೆ ಎಂದು ಹೇಳುವವನ ಮೇಲೆ ಸಿಟ್ಟನ್ನು ಎಲ್ಲಿ ಇಳಿಸುವುದು. ನೂರಾ ಹನ್ನೆರಡು ಜನ ದಿನಾ ಕಣ್ಣೆದುರಿಗೆ ಕೂತು ಊರಿಗೆಲ್ಲ ಸಾರಿನ ಹುಳಿ ಬಿಡಿಸುತ್ತಿದ್ದಾರೆ. ಲೆಕ್ಕದಲ್ಲಿ ಅವರೆಲ್ಲ ಯಾವುದೋ ಪ್ರವಾಸದಲ್ಲಿದ್ದಾರೆ.

ನಾನು ಕುರ್ಚಿಯಿಂದ ಎದ್ದು ನನ್ನದೇ ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತಿದೆ. ಚೀಲದಲ್ಲಿದ್ದ ಫೋನಿನಿಂದ ನನ್ನ ಕೈಯಾಳು ಎಂದಿನ ನಯದಲ್ಲಿ ಕೇಳಿತು, "ಯಾರಿಗಾಗಿ, ಹೇಗೆ, ಯಾವತ್ತಿನವರೆಗೆ?"

"ಕೆಂಚಮ್ಮ ಸೋಮವಾರ ಎರಡು ಗಂಟೆಗೆ ಜೈಲಿನ ಗೇಟಿನ ಮುಂದೆ ಇರಬೇಕು. ಹೇಗೆ ಅನ್ನೋದು ನನಗೆ ಗೊತ್ತಿಲ್ಲ. ಹೇಗಾದರೂ ಮಾಡು."

"ಮೇಡಂ, ಹಾಗೆ ಮಾತ್ರ ಹೇಳಬೇಡಿ," ಎಂದು ವಾಮನಮೂರ್ತಿ ಕೈ ಚಾಚಿದ. ನಮ್ಮೂರಿನಲ್ಲಿ ಸಣ್ಣ ಮಕ್ಕಳಿಗೂ ಗೊತ್ತು, ಕೈಯಾಳಿಗೆ ಹೇಗಾದರೂ ಎನ್ನಬಾರದು. ಬಸ್ಸಿನಲ್ಲಿ, ಕೂತು, ಕಿಟಕಿ ಪಕ್ಕ ಎಂದು ಒಂದೊಂದನ್ನೂ ಬಿಡಿಸಿ ಹೇಳಬೇಕು. ಆದರೆ ಅಷ್ಟರಲ್ಲಿ ನನ್ನ ಬೆರಳು ನುಣುಪಾಗಿತ್ತು.

"ಆಗಲಿ," ಎಂದಿತು ಕೈಯಾಳು. "ಮೂರು ಪ್ರಶ್ನೆಗಳಿವೆ. ನೀವು ಜೊತೆಗೆ ಹೋಗುವಿರಾ?"

"ಹೋಗ್ತೀನಿ."

"ಕೆಂಚಮ್ಮನವರ ತೂಕ?"

ಈಗಿನ ಕಾಲದಲ್ಲಿ ಏನೇನೋ ಕೇಳುತ್ತಾರೆ ಎಂದುಕೊಂಡು ಅವಳ ಕಡೆ ನೋಡಿದೆ. "ನಲವತ್ತೆಂಟು," ಎಂದಳು ಅವಳು. "ಮೊನ್ನೆ ಮಂಡಿ ತಕ್ಕಡಿ ಮೇಲೆ ತಮಾಷೆಗೆ ತೂಗಿದ್ರು."

"ಅಲ್ಲಿ ಬರಮಾಡಿಕೊಳ್ಳುವವರು?"

"ಅವಳ ತಮ್ಮ. ಓಬಳೇಶ."

"ಎಲ್ಲ ವ್ಯವಸ್ಥೆ ಆಯಿತು. ವಿವರ ಓದಿ ಹೇಳಲೇ?"

"ಬೇಡ," ಎಂದೆ. ಪ್ರಶ್ನೆಪತ್ರಿಕೆ ಪೂರ್ತಿ ಓದದೆ ಪೆನ್ನು ಎತ್ತಬೇಡಿ ಎಂದು ಮೂವತ್ತೊಂದು ವರ್ಷ ಮಕ್ಕಳನ್ನು ಗದರಿದವಳು ನಾನು. ಗೆದ್ದವಳ ಹಾಗೆ ಕೆಂಚಮ್ಮನ ಕೈ ಹಿಡಿದುಕೊಂಡು ಮನೆಗೆ ಬಂದೆ.

ಸೋಮವಾರ ಎಂಟು ಗಂಟೆಯ ಬಸ್ಸು. ಕೆಂಚಮ್ಮ ನೀಲಿ ಸೀರೆ ಉಟ್ಟು, ತಮ್ಮನಿಗೆಂದು ಒಗ್ಗರಣೆ ಹಾಕಿದ ಅವಲಕ್ಕಿ ಕಟ್ಟಿಕೊಂಡು ಬಂದಿದ್ದಳು. ಕಂಡಕ್ಟರ್ ಗೌಸ್ ಸಾಹೇಬರು ಕೈಯಲ್ಲಿದ್ದ ಮಿಷನ್ ನೋಡಿ ಹೇಳಿದರು, "ಬನ್ನಿ ಟೀಚರಮ್ಮ. ಸೀಟು ಹದಿನಾಲ್ಕು ನಿಮ್ದು. ಇನ್ನೊಂದು ಲಗೇಜು. ಹುಣಸೆಹಣ್ಣು, ಒಂದು ಮೂಟೆ, ನಲವತ್ತೆಂಟು ಕೆ.ಜಿ. ಮೂಟೆ ಎಲ್ಲಮ್ಮ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೆಂಚಮ್ಮನಿಗೆ ನನಗಿಂತ ಮೊದಲೇ ಅರ್ಥವಾಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ನಾನು ಫೋನು ತೆಗೆದು ಕೇಳಿದೆ, "ಏನಿದು?"

"ಮನುಷ್ಯರ ಸೀಟಿಗೆ ಗೆರೆ ಬೇಕು. ಮೂಟೆಗೆ ಬೇಡ," ಎಂದಿತು ಕೈಯಾಳು. "ಹೇಗಾದರೂ ಮಾಡು ಎಂದಿದ್ದಿರಿ. ಇದ್ದದ್ದು ಇದೊಂದೇ ದಾರಿ. ಕೋಳಿ ಎಂದೂ ಬರೆಸಬಹುದಿತ್ತು. ಆದರೆ ಕೋಳಿಗೆ ಬುಟ್ಟಿ ಕಡ್ಡಾಯ."

"ಹುಣಸೆಹಣ್ಣು ಅಂತ ಯಾಕೆ ಬರೆದೆ?"

"ಈ ಊರಿನಿಂದ ಹೆಚ್ಚಾಗಿ ಹೋಗುವ ಮಾಲು ಅದೇ. ಯಾರೂ ಅನುಮಾನಪಡುವುದಿಲ್ಲ."

ಅದರ ದನಿಯಲ್ಲಿ ಕುಹಕವಿರಲಿಲ್ಲ. ಹೇಳಿದ ಕೆಲಸ ಮಾಡಿತ್ತು. ತಪ್ಪು ನನ್ನದು, ನನಗೆ ಗೊತ್ತು. ಆದರೆ ನನ್ನ ತಪ್ಪು ಬರೀ ಬೀಗ ತೆಗೆದಿತ್ತು, ಒಳಗೆ ಹಾಗೆ ಜೋಡಿಸಿಟ್ಟವರು ಯಾರು? ಅವಳು ಬಿಡಿಸಿದ ಹಣ್ಣು ಗಡಿ ದಾಟಬಹುದು. ಅದನ್ನು ತುಂಬಿದ ಗೋಣಿ ದಾಟಬಹುದು. ಬುಟ್ಟಿಯಲ್ಲಿದ್ದರೆ ಕೋಳಿ ದಾಟಬಹುದು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ದಾಟಲಾರದವಳು ಇವಳೊಬ್ಬಳೇ.

"ಇರ್ಲಿ ಬುಡಿ ಟೀಚರಮ್ಮ," ಎಂದಳು ಕೆಂಚಮ್ಮ. "ದಿನಾ ಅದರ ಜೊತೇಲೇ ಕುಂತಿರ್ತೀನಿ. ಇವತ್ತು ಅದರ ಹೆಸರಲ್ಲಿ ಹೋಗ್ತೀನಿ. ನನ್ ತಮ್ಮ ಕಾಯ್ತಾನೆ." ಹೀಗೆಂದು ಬಸ್ಸಿನ ಹಿಂಭಾಗಕ್ಕೆ, ಸೀಟು ಕಿತ್ತು ಮೂಟೆಗಳನ್ನು ಒಟ್ಟಿದ್ದ ಜಾಗಕ್ಕೆ ಹೊರಟೇಬಿಟ್ಟಳು. ನಾನು ಅವಳ ಮಣಿಕಟ್ಟು ಹಿಡಿದು ಎಳೆದು ತಂದು ಹದಿನಾಲ್ಕರಲ್ಲಿ ಕೂರಿಸಿದೆ. ಆಮೇಲೆ ಹಿಂದೆ ಹೋಗಿ ಒಂದು ಮೂಟೆಯ ಮೇಲೆ ನಾನು ಕೂತೆ.

ಗೌಸ್ ಸಾಹೇಬರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಟೀಚರಮ್ಮ, ಸೀಟು ನಿಮ್ಮ ಹೆಸರಲ್ಲಿದೆ."

"ಹೌದು. ನನ್ನ ಲಗೇಜನ್ನು ನನ್ನ ಸೀಟಿನ ಮೇಲೆ ಇಟ್ಟಿದ್ದೀನಿ. ಬಸ್ಸಿನಲ್ಲಿ ಎಲ್ಲರೂ ಇಡ್ತಾರೆ."

"ಮತ್ತೆ ನೀವು?"

"ನಾನು ಇಲ್ಲೇ ಬರ್ತೀನಿ."

"ಐದು ಗಂಟೆ ದಾರಿ ಅಮ್ಮ. ನಿಮ್ಮ ಮೊಣಕಾಲು?"

"ಅದೂ ನನ್ನ ಜೊತೆಗೇ ಬರುತ್ತೆ."

ಅವರು ತಮ್ಮ ಖಾಕಿ ಕೋಟು ಮಡಿಸಿ ಮೂಟೆಯ ಮೇಲೆ ಹಾಸಿಕೊಟ್ಟರು. ಬಸ್ಸು ಹೊರಟ ಮೇಲೆ ಒಬ್ಬೊಬ್ಬರಾಗಿ ಎದ್ದು ಸೀಟು ಕೊಡಲು ಬಂದರು. ಒಬ್ಬ ಬಸುರಿ ಹೆಂಗಸೂ ಎದ್ದಳು, ಅವಳನ್ನು ಗದರಿ ಕೂರಿಸಿದೆ. ದಣಿವಾಗಿ ಇಲ್ಲಿ ಕೂತಿಲ್ಲಪ್ಪ, ಸಿಟ್ಟಿಗೆ ಕೂತಿದ್ದೇನೆ ಎಂದು ಎಲ್ಲರಿಗೂ ಹೇಳಿದೆ. ಮತ್ತೆ ಯಾರೂ ಒತ್ತಾಯ ಮಾಡಲಿಲ್ಲ.

ಊರ ಗಡಿ ದಾಟಿದ್ದೇ ಕೆಂಚಮ್ಮ ಕಿಟಕಿಯ ಸರಳಿಗೆ ಹಣೆಯೊತ್ತಿದಳು. ಸ್ವಲ್ಪ ಹೊತ್ತಿಗೆ, ಆ ಬೆಟ್ಟದ ಹೆಸರೇನಂತೆ ಎಂಬ ಪ್ರಶ್ನೆ ಅವಳ ಸೀಟಿನಿಂದ ಹಿಂದಕ್ಕೆ, ಅಲ್ಲಿಂದ ಇನ್ನೂ ಹಿಂದಕ್ಕೆ, ಬಾಯಿಂದ ಬಾಯಿಗೆ ದಾಟುತ್ತ ನನ್ನವರೆಗೆ ಬಂತು. ಹೇಳಿದೆ. ಉತ್ತರ ಹಾಗೆಯೇ ಸಾಲುಸಾಲಾಗಿ ಮುಂದಕ್ಕೆ ಹೋಯಿತು. ಆಮೇಲೆ ಹೊಳೆ ಬಂತು, ಅದು ಎಲ್ಲಿಗೆ ಹೋಗಿ ಸೇರುತ್ತದೆ ಎಂಬ ಪ್ರಶ್ನೆ ಬಂತು. ಕೋಲಿಲ್ಲದೆ, ನಕ್ಷೆಯಿಲ್ಲದೆ, ಹುಣಸೆ ಮೂಟೆಯ ಮೇಲೆ ಕೂತು ನಾನು ಮಾಡಿದ ಆ ಪಾಠವನ್ನು ಇಡೀ ಬಸ್ಸು ಕೇಳಿತು.

ಹನ್ನೊಂದರ ಹೊತ್ತಿಗೆ ತಪಾಸಣೆಯವನು ಹತ್ತಿದ. ಪಟ್ಟಿ ನೋಡಿದ, ಕೆಂಚಮ್ಮನ ಮುಂದೆ ನಿಂತ. "ಈ ಹೆಂಗಸಿನ ಹೆಸರು ಪಟ್ಟಿಯಲ್ಲಿಲ್ಲ. ಇಳಿಸಿ."

ಗೌಸ್ ಸಾಹೇಬರು ನನ್ನ ಕಡೆ ನೋಡಿದರು. ಆಮೇಲೆ ನೆಲ ನೋಡುತ್ತ ಹೇಳಿದರು, "ಅದು ಲಗೇಜು ಸಾರ್."

ತಪಾಸಣೆಯವನು ಮಿಷನ್ ನೋಡಿದ, ಕೆಂಚಮ್ಮನನ್ನು ನೋಡಿದ, ಮತ್ತೆ ಮಿಷನ್ ನೋಡಿದ. "ಲಗೇಜನ್ನ ಸೀಟಿನ ಮೇಲೆ ಇಡಬಾರದು. ಮುಂದಿನ ಸಲ ನೋಡ್ಕೊಳ್ಳಿ," ಎಂದು ಇಳಿದುಹೋದ. ಅವನಿಗೆ ಒಪ್ಪಿಗೆಯಾಯಿತು. ಅದೇ ನನಗೆ ಈವತ್ತಿಗೂ ಸಹಿಸಲಾಗದ್ದು. ಹೆಂಗಸು ಎಂದಾಗ ಇಳಿಸು ಎಂದವನು ಮೂಟೆ ಎಂದಾಗ ಸುಮ್ಮನಾದ. ಗೌಸ್ ಸಾಹೇಬರು ಆಮೇಲೆ ಹದಿನಾಲ್ಕನೇ ಸೀಟಿನ ಹತ್ತಿರ ಹೋಗಿ, "ಬೇಕೂಂತ ಅಂದಿದ್ದಲ್ಲ ತಂಗೀ, ಬೇರೆ ದಾರಿ ಇರ್ಲಿಲ್ಲ," ಎಂದರು. ಕೆಂಚಮ್ಮ ಅವಲಕ್ಕಿಯ ಗಂಟು ಬಿಚ್ಚಿ ಅವರ ಅಂಗೈಗೆ ಒಂದು ಹಿಡಿ ಹಾಕಿದಳು. "ತಿನ್ನಿ ಅಣ್ಣ. ಮೂಟೆ ಬಾಯಿ ಬಿಚ್ಚೈತೆ," ಎಂದಳು. ಅವರಿಗೆ ನಗಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಜೈಲಿನ ಗೇಟು ತಲುಪಿದಾಗ ಒಂದೂ ಐವತ್ತು. ಬೇವಿನ ಮರದ ಕೆಳಗೆ ಕ್ವಾರಿಯ ಲಾರಿ ನಿಂತಿತ್ತು. ಹಿಂದಿನ ಹಲಗೆ ಇಳಿಬಿಟ್ಟು, ಬಿಳಿ ಅಂಗಿಯವನೊಬ್ಬ ಅದಕ್ಕೊರಗಿ ಬೀಡಿ ಸೇದುತ್ತಿದ್ದ. ಎರಡಕ್ಕೆ ಸರಿಯಾಗಿ ಗೇಟಿನ ಸಣ್ಣ ಬಾಗಿಲು ತೆರೆದು ಗಂಡಸರು ಒಬ್ಬೊಬ್ಬರಾಗಿ ಹೊರಬಂದರು. ಎಲ್ಲರೂ ಹೆಬ್ಬೆರಳು ಉಜ್ಜಿಕೊಳ್ಳುತ್ತಿದ್ದರು. ಆಗ ತಾನೇ ಮರಳಿದ ಗೆರೆಯ ಚುರುಕು. ಆರನೆಯವನು ಓಬಳೇಶ. ತಲೆ ಅರ್ಧ ನರೆತಿತ್ತು. ಅವನು ನೆಲ ನೋಡುತ್ತ ಬಂದವನು ತಲೆಯೆತ್ತದೆಯೇ ಲಾರಿಯ ಕಡೆ ತಿರುಗಿದ. ಬಿಳಿ ಅಂಗಿಯವನು ಬೀಡಿ ಎಸೆದು, "ಹತ್ತು, ಹತ್ತು," ಎಂದ.

ಕೆಂಚಮ್ಮ ಕರೆದ ದನಿ ಅಲ್ಲಿಯವರೆಗೆ ತಲುಪಲಿಲ್ಲ. ನಾನು ಕ್ಲಾಸಿನ ಕೊನೆಯ ಬೆಂಚಿಗೆ ಮುಟ್ಟಿಸುತ್ತಿದ್ದ ದನಿಯನ್ನು ಹೊರಗೆ ತೆಗೆದೆ. "ಓಬಳೇಶ, ತಲೆ ಎತ್ತೋ. ಯಾರು ಬಂದಿದ್ದಾರೆ ನೋಡು."

ಅವನು ನೋಡಿದ. ಹಲಗೆಯ ಮೇಲಿಟ್ಟಿದ್ದ ಕಾಲನ್ನು ಇಳಿಸಿದ. ಹತ್ತು ಹೆಜ್ಜೆ ನಡೆದು ಬಂದು, ಅಕ್ಕನ ಮುಂದೆ ಕೈಕಟ್ಟಿ ನಿಂತ. "ಬರಕಿಲ್ಲ ಅಂದ್ಕೊಂಡಿದ್ದೆ," ಎಂದ.

"ಬಂದೆ ಕಣೋ," ಎಂದಳು ಕೆಂಚಮ್ಮ. "ಹೆಂಗೆ ಬಂದೆ ಅಂತ ಮಾತ್ರ ಕೇಳ್ಬೇಡ."

ಆಗ ನನ್ನ ಕೈಯಲ್ಲಿದ್ದ ಫೋನು ಮಾತಾಡಿತು. "ಮಾಲು ತಲುಪಿದೆ. ಸ್ವೀಕರಿಸುವವರು ಹೆಬ್ಬೆರಳು ಒತ್ತಬೇಕು."

"ಯಾವ ಮಾಲು?" ಎಂದು ಓಬಳೇಶ ನನ್ನ ಕಡೆ ತಿರುಗಿದ. ಪರದೆಯ ಮೇಲಿದ್ದುದನ್ನು ಅವನೇ ಅಕ್ಷರ ಕೂಡಿಸಿ ಓದಿದ. ಹುಣಸೆಹಣ್ಣು, ಒಂದು ಮೂಟೆ, ನಲವತ್ತೆಂಟು ಕೆ.ಜಿ. "ಎಲ್ಲೈತೆ ಮೂಟೆ?"

ಕೆಂಚಮ್ಮ ನಗುತ್ತಲೇ ಹೇಳಲು ನೋಡಿದಳು. "ನಾನೇ ಕಣೋ," ಎಂದಳು. ನಗು ಅರ್ಧಕ್ಕೆ ನಿಂತಿತು.

ಅವನಿಗೆ ನಾನು ನಡೆದದ್ದನ್ನು ಹೇಳಿದೆ. ಒಂಬತ್ತು ವರ್ಷದ ಮೇಲೆ ಮರಳಿದ ಗೆರೆಯನ್ನು ಅವನು ಮೊದಲು ಬಳಸಿದ್ದು ತನ್ನ ಅಕ್ಕನನ್ನು ಹುಣಸೆ ಮೂಟೆಯೆಂದು ಸ್ವೀಕರಿಸಲು. ಹೆಬ್ಬೆರಳು ಒತ್ತಿದ. ಪರದೆಯ ಮೇಲೆ ಇನ್ನೊಂದು ಪ್ರಶ್ನೆ ಬಂತು. ಮಾಲು ಸುಸ್ಥಿತಿಯಲ್ಲಿ ತಲುಪಿದೆಯೇ? ಹೌದು. ಇಲ್ಲ.

ಅವನು ಫೋನನ್ನು ಹಾಗೆಯೇ ಹಿಡಿದುಕೊಂಡು, ಇನ್ನೊಂದು ಕೈಯಿಂದ ಅಕ್ಕನ ಕೈ ತೆಗೆದುಕೊಂಡ. ಅಂಗೈ ಮೇಲೆ ಮಾಡಿ ಒಂದೊಂದೇ ಬೆರಳು ನೋಡಿದ. ಐದೂ ನೋಡಿ, ಇನ್ನೊಂದು ಕೈಯ ಐದನ್ನೂ ನೋಡಿದ. ನಾನು ಇಷ್ಟು ವರ್ಷ ನೋಡದಿದ್ದುದನ್ನು ಅವನು ನೋಡಿದ. ಆಮೇಲೆ "ಇಲ್ಲ" ಎಂಬುದನ್ನು ಒತ್ತಿದ.

"ದೂರು ದಾಖಲಾಗಿದೆ," ಎಂದಿತು ಕೈಯಾಳು. "ದೂರು ತೀರ್ಮಾನವಾಗುವವರೆಗೆ ಕಳುಹಿಸಿದವರ ಗೆರೆ ಹೊರಗೇ ಇರುತ್ತದೆ. ಉತ್ತರವನ್ನು ಹೌದು ಎಂದು ಬದಲಿಸಿದರೆ ಈಗಲೇ ಮರಳುತ್ತದೆ."

ಓಬಳೇಶ ಗಾಬರಿಯಿಂದ ನನ್ನನ್ನು ನೋಡಿದ. "ನಿಮ್ಮ ಗೆರೆ ಹೋಗ್ತದಂತೆ ಟೀಚರಮ್ಮ. ಬದಲಾಯಿಸ್ಲಾ?"

"ಬರೆದ ಉತ್ತರ ಸರಿಯಾಗಿದ್ದರೆ ತಿದ್ದಬಾರದು," ಎಂದೆ.

ಬರುವಾಗ ಅವನ ಗೆರೆಯ ಮೇಲೆ ಒಂದು ಸೀಟು, ಎರಡು ಮೂಟೆ. ನಲವತ್ತೆಂಟು ಕೆ.ಜಿ. ಒಂದು, ಅರವತ್ತೊಂದು ಕೆ.ಜಿ. ಇನ್ನೊಂದು. ಗೌಸ್ ಸಾಹೇಬರು ಮಿಷನ್ ನೋಡಿ ನಮ್ಮಿಬ್ಬರನ್ನೂ ಮುಂದಿನ ಸೀಟಿನಲ್ಲಿ ಕೂರಿಸಿದರು. ಓಬಳೇಶ ಊರಿನವರೆಗೂ ನಿಂತೇ ಬಂದ.

ಇದಾಗಿ ಹದಿನಾಲ್ಕು ತಿಂಗಳು. ತಿಂಗಳಿಗೊಮ್ಮೆ ನಾನೂ ಕೆಂಚಮ್ಮನೂ ಒಪ್ಪಿಗೆ ಕಚೇರಿಗೆ ಹೋಗುತ್ತೇವೆ. ಮಂಡಿಯ ಹೆಂಗಸರೂ ಕೆಲವರು ಬರುತ್ತಾರೆ. ವಾಮನಮೂರ್ತಿ ಎಲ್ಲರಿಗೂ ಕುರ್ಚಿ ಹಾಕುತ್ತಾನೆ, ನಮ್ಮ ಬೆರಳುಗಳನ್ನು ಸಾಲಾಗಿ ಗಾಜಿನ ಮೇಲಿಟ್ಟು, ಹೊರಗಿದೆ, ಹೊರಗಿದೆ, ಹೊರಗಿದೆ ಎನ್ನುತ್ತಾನೆ. ಈಗ ಲೆಕ್ಕ ನೂರಾ ಹದಿಮೂರು. ನನ್ನದನ್ನು ಹೇಳುವಾಗ ಮಾತ್ರ ಅವನ ದನಿ ಇಳಿಯುತ್ತದೆ, ಅದೂ ನನಗೆ ಸೇರುವುದಿಲ್ಲ. ಎಲ್ಲರದನ್ನೂ ಹೇಳುವಾಗ ಇಳಿಯಬೇಕಿತ್ತು. ಸಂಜೆ ಓಬಳೇಶ ಬಂದು ಜಗಲಿಯಲ್ಲಿ ಕೂತು ನನ್ನ ಪುಸ್ತಕದ ಹಾಳೆ ತಿರುವಿ ಕೊಡುತ್ತಾನೆ.

ಕೈಯಾಳು ದಿನಾ ಬೆಳಿಗ್ಗೆ ತಪ್ಪದೆ ಕೇಳುತ್ತದೆ. "ದೂರು ಇನ್ನೂ ಬಾಕಿ ಇದೆ. ಉತ್ತರವನ್ನು ಹೌದು ಎಂದು ಬದಲಿಸಲೇ?"

ಹಿಡಿಯಿರುವ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾಫಿ ಮುಗಿಸುತ್ತೇನೆ. ಆಮೇಲೆ ಹೇಳುತ್ತೇನೆ, ಬೇಡ.